ಹದಿನೈದು ದಿನದ ಜೀವ

ಧಾರವಾಡಕ್ಕೆ ಹೋಗಿದ್ದ ಶಂಭುಲಿಂಗಪ್ಪನವರು ಪೇಪರಿನಲ್ಲಿ ಸುತ್ತಿದ ಒಂದು ಫ್ಲಾಪಿಯನ್ನು ತಂದು ನೀಲಕ್ಕನ ಮೇಜಿನ ಮೇಲಿಟ್ಟರು. ಅಂಗೈ ಅಗಲದ ಕರೀ ಚೌಕ. ಅವರು ಕುಂದಗೋಳದ ಬೀಜ ಸಂಘದ ಕಾರ್ಯದರ್ಶಿ. ಎಂಬತ್ತೇಳನೇ ಇಸವಿ, ಶ್ರಾವಣ ಮುಗಿದಿತ್ತು. ಸಂಘದ ಕಂಪ್ಯೂಟರು ಇಷ್ಟು ದಿನ ನಡೆದದ್ದು ಸಿಪಿಎಂ ಎಂಬ ವ್ಯವಸ್ಥೆಯ ಮೇಲೆ. ಇನ್ನು ಅದಕ್ಕೆ ದಿಕ್ಕಿಲ್ಲ, ಎಲ್ಲರೂ ಡಾಸ್ ಎಂಬುದಕ್ಕೆ ಹೋಗುತ್ತಿದ್ದಾರೆ ಎಂದು ಕಂಪನಿಯವರು ಹೇಳಿ ಕಳಿಸಿದ್ದರು. ಆ ಫ್ಲಾಪಿಯಲ್ಲಿದ್ದ ಡಾಸನ್ನು ಹದಿನೈದು ದಿನ ನಡೆಸಿ ನೋಡಬೇಕು, ಬದಲಿಸುವುದೋ ಬೇಡವೋ ಎಂದು ವರದಿ ಬರೆಯಬೇಕು. ಬರೆಯಬೇಕಾದವಳು ನೀಲಕ್ಕ.

ಬಾಜೂ ಕೋಣೆಯಲ್ಲಿ ರೈತರ ಬೀಜದ ಪರೀಕ್ಷೆಗೆಂದು ಮೊಳಕೆ ಎಣಿಸುತ್ತಿದ್ದ ಸಣ್ಣವ್ವ ಕಿಟಕಿಯಿಂದಲೇ ಕೇಳಿದಳು: "ಸಿಪಿಎಂ ಬಿಟ್ಟು ಯಾವ ಪಾರ್ಟಿಗೆ ಹೊಂಟೀ ಬೇ?"

ನೀಲಕ್ಕ ನಗಲಿಲ್ಲ. ಸಂಘದಲ್ಲಿ ಕಾರಕೂನನಾಗಿದ್ದ ಗಂಡ ಹೊಳೆಪ್ಪ ತೀರಿಕೊಂಡ ಮೇಲೆ ಅವಳಿಗೆ ಸಿಕ್ಕ ಕುರ್ಚಿ ಅದು. ಏಳನೆಯ ಇಯತ್ತೆಯ ಇಂಗ್ಲಿಷು ಅವಳದು. ಕಂಪನಿಯವನು ನಾಲ್ಕು ದಿನ ಕಲಿಸಿ ಹೋದದ್ದನ್ನು ಅಜ್ಜಿಯ ಕಥೆಗಳ ಹಾಗೆ ಬಾಯಿಪಾಠ ಮಾಡಿ ಮೂರು ವರ್ಷ ನಡೆಸಿದ್ದಳು. ಮೊದಲು ಊರವರಿಗೆ ಅವಳು ಹೊಳೆಪ್ಪನ ಹೆಂಡತಿ, ಆಮೇಲೆ ಹೊಳೆಪ್ಪನ ಮುಂಡೆ. ಈಗ ಕಂಪ್ಯೂಟರ್ ನೀಲಕ್ಕ. ಹುಬ್ಬಳ್ಳಿಯಲ್ಲಿ ಡಾಸ್ ಕಲಿತ ಇಮಾಮುದ್ದೀನ ಎಂಬಾತ ಆಗಲೇ ಅರ್ಜಿ ಹಾಕಿದ್ದನ್ನು ಅವಳು ಬಲ್ಲಳು. ಸಿಪಿಎಂ ಇರುವವರೆಗೆ ಕುರ್ಚಿ ಅವಳದು, ಏಕೆಂದರೆ ಅದನ್ನು ಬಲ್ಲವರು ಸುತ್ತ ಹತ್ತೂರಲ್ಲಿ ಮತ್ತೊಬ್ಬರಿರಲಿಲ್ಲ.

ಹಳೆಯ ಫ್ಲಾಪಿ ತೆಗೆದು ಹೊಸದನ್ನು ಇಟ್ಟು ಗುಂಡಿ ಒತ್ತಿದಾಗ ಅದೇ ಹಸಿರು ಪರದೆ, ಅದೇ ಕೀಲಿಮಣೆ, ಆದರೆ ಬೇರೆ ಮಾತು. ಅಜ್ಜಿ ಹೇಳುತ್ತಿದ್ದ ರಾಜನೊಬ್ಬನ ಜೀವ ಹೀಗೆಯೇ ಒಡಲು ಬಿಟ್ಟು ಗಿಳಿಯೊಳಗೆ ಹೊಕ್ಕು ಲೋಕ ನೋಡಿ ಬರುತ್ತಿತ್ತು. ಬಿಟ್ಟುಹೋದ ಒಡಲನ್ನು ಯಾರೂ ಸುಡದಂತೆ ಕಾಯಬೇಕು, ಅಷ್ಟೇ. ಇಲ್ಲಿ ಕಾಯಬೇಕಾದದ್ದು ಒಡಲನ್ನಲ್ಲ, ಜೀವವನ್ನು. ನೀಲಕ್ಕ ಹಳೆಯ ಫ್ಲಾಪಿಯನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು ಮುಚ್ಚಿದಳು.

ತಪ್ಪು ಹುಡುಕಲೆಂದೇ ಅವಳು ಕೂತದ್ದು. ಮೊದಲ ವಾರ ಒಂದೂ ಸಿಗಲಿಲ್ಲ. ಸಿಪಿಎಂನಲ್ಲಿ ನಡುವೆ ಫ್ಲಾಪಿ ಬದಲಿಸಿ ಅದಕ್ಕೆ ತಿಳಿಸದಿದ್ದರೆ ಮುನಿಸಿಕೊಂಡು ಬೆಳಗಿನಿಂದ ಮಾಡಿದ್ದನ್ನೆಲ್ಲ ಕಳೆದುಬಿಡುತ್ತಿತ್ತು. ಇದಕ್ಕೆ ಆ ಮುನಿಸಿಲ್ಲ. ಯಾವ ಕಡತ ಯಾವ ದಿನದ್ದೆಂದು ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ಒಳ್ಳೆಯ ಸೊಸೆಯನ್ನು ಕಂಡ ಅತ್ತೆಯ ಹಾಗೆ ನೀಲಕ್ಕನಿಗೆ ಒಳಗೊಳಗೇ ಸಂಕಟವಾಯಿತು.

ಒಂದು ಮಾತ್ರ ತಿರುವುಮುರುವು. ಯಂತ್ರಕ್ಕೆ ಎಡಕ್ಕೊಂದು ಬಲಕ್ಕೊಂದು ಬಾಯಿ. ದಿನದ ಮೊಳಕೆ ಎಣಿಕೆ ಎಡಗಡೆಯ ಫ್ಲಾಪಿಗೆ ಹೋಗುತ್ತದೆ. ಸಂಜೆ ಅದನ್ನು ಬಲಗಡೆಯ ಫ್ಲಾಪಿಗೆ ನಕಲು ಮಾಡಿ ತೆಗೆದಿಡಬೇಕು. ಸಿಪಿಎಂನ ನಕಲಿನ ಆಜ್ಞೆಯಲ್ಲಿ ಸೇರುವ ಕಡೆಯನ್ನು ಮೊದಲು ಹೇಳಬೇಕು, ಹೊರಡುವ ಕಡೆಯನ್ನು ಆಮೇಲೆ. ಅತ್ತಿಮನಿ ಮೊದಲ, ತವರಮನಿ ಆಮ್ಯಾಲ ಎಂದು ಅವಳು ನೆನಪಿಟ್ಟಿದ್ದಳು. ಹೊಸದಕ್ಕೆ ತವರು ಮೊದಲು.

ಹನ್ನೊಂದನೆಯ ದಿನ ಕುಬಿಹಾಳದ ಹಿಂಗಾರಿ ಜೋಳದ ಕಡೆಯ ಎಣಿಕೆ. ಹಸಿ ಅರಿವೆಯ ಮೇಲೆ ಹತ್ತು ದಿನ ಮಲಗಿಸಿದ್ದ ನಾನೂರು ಕಾಳುಗಳನ್ನು ಸಣ್ಣವ್ವ ಒಂದೊಂದೇ ಎತ್ತಿ ನೋಡಿ, ಕಿಟಕಿಯಿಂದ ಕೂಗಿ ಹೇಳಿದಳು. ಕಂಪ್ಯೂಟರು ಬಂದಾಗಿನಿಂದ ಚೀಟಿ ಬರೆಯುವುದನ್ನು ಇಬ್ಬರೂ ಬಿಟ್ಟಿದ್ದರು. ಎಣಿಸಿದ ಮೊಳಕೆ ತಿಪ್ಪೆಗೆ ಹೋಯಿತು. ಸಂಜೆ ಬಸ್ಸಿನ ಹಾರ್ನು ಕೇಳಿ ನೀಲಕ್ಕ ಅವಸರದಲ್ಲಿ ನಕಲಿನ ಆಜ್ಞೆ ಕೊಟ್ಟಳು. ಒಂದು ಕಡತ ನಕಲಾಯಿತೆಂದು ಪರದೆ ಹೇಳಿತು. ಅವಳು ಎದ್ದು ಹೋದಳು.

ಮರುದಿನ ನೋಡಿದರೆ ಎರಡೂ ಫ್ಲಾಪಿಗಳಲ್ಲಿ ಮೊನ್ನೆಯದೇ ಎಣಿಕೆ. ಬೆರಳು ಮೂರು ವರ್ಷದ ರೂಢಿಯಂತೆ ಅತ್ತೆಮನೆಯನ್ನು ಮೊದಲು ಹೇಳಿದ್ದವು. ಹಳೆಯ ನಕಲು ಹೊಸ ಎಣಿಕೆಯ ಮೇಲೆ ಕೂತು ಅದನ್ನು ಒರೆಸಿ ಹಾಕಿತ್ತು. ದಿನಕ್ಕೆ ಹತ್ತಾರು ಲೆಕ್ಕ ಕೂಗುವ ಸಣ್ಣವ್ವನಿಗೂ ಅದು ನೆನಪಿರಲಿಲ್ಲ.

ಕುಬಿಹಾಳದ ಈರಬಸಪ್ಪ ಫಲಿತಾಂಶಕ್ಕಾಗಿ ಆಗಲೇ ಬಂದು ಕೂತಿದ್ದ. ಉತ್ತರಿ ಮಳೆ ಹದ ಮಾಡಿತ್ತು. ಬೀಜ ಪಾಸಾದರೆ ನಾಳೆಯೇ ಬಿತ್ತನೆಗೆ ಕೂರಿಗೆ ಹೂಡುವವನು. ಶಂಭುಲಿಂಗಪ್ಪನವರು ಬಂದು, ನೀಲಕ್ಕನ ಮುಖ ನೋಡಿ, ಪರದೆ ನೋಡಿ ದನಿ ತಗ್ಗಿಸಿದರು.

"ಹೊಸಾದು ನುಂಗಿತೇನವಾ? ನನಗ ಮೊದಲಽ ಸಂಶೇ ಇತ್ತು. ಹೂಂ ಅನ್ನು, ಇವತ್ತಽ ತಿರುಗಿ ಕಳಿಸಿಬಿಡ್ತೀನಿ."

ಹೂಂ ಅಂದರೆ ಸಾಕಾಗಿತ್ತು. ಕೇಳುವವರಿಲ್ಲ, ತಿಳಿದವರಿಲ್ಲ. ಡಬ್ಬಿಯಲ್ಲಿದ್ದ ಜೀವ ಮತ್ತೆ ಒಡಲಿಗೆ ಬರುತ್ತಿತ್ತು, ಕುರ್ಚಿ ಉಳಿಯುತ್ತಿತ್ತು. ಕಿಟಕಿಯಾಚೆ ಸಣ್ಣವ್ವನ ಕೈ ನಿಂತಿದ್ದು ನೀಲಕ್ಕನಿಗೆ ಕಂಡಿತು.

"ನುಂಗಿಲ್ರಿ," ಅಂದಳು. "ನಾ ಏನ್ ಹೇಳಿದೆ ಅದನ್ನಽ ಮಾಡೇತಿ. ನಾ ಹೇಳಿದ್ದು ತಪ್ಪಿತ್ತು."

ಆಮೇಲೆ ತಾನೇ ಹೊರಗೆ ಹೋಗಿ ಈರಬಸಪ್ಪನಿಗೆ ಎಲ್ಲವನ್ನೂ ಹೇಳಿದಳು. ಹೊಸದಾಗಿ ಕಾಳು ಹಾಕಬೇಕು, ಮತ್ತೆ ಹತ್ತು ದಿನ. ಅವನು ಕೆರವು ಮೆಟ್ಟಿಕೊಂಡು ಎದ್ದ.

"ಯಂತ್ರ ಮಾಡಿದ್ರ ನಾಕು ಬೈದು ಹಗುರ ಆಗ್ತಿದ್ದೆ. ನಿನಗೇನ್ ಬೈಲಿ ತಂಗಿ? ನಾ ಕಾಯ್ತೀನಿ. ಮಳಿ ಕಾಯಬೇಕಲ್ಲ."

ಮಳೆ ಕಾಯಲಿಲ್ಲ. ಹದ ಆರಿತು. ಹಸ್ತದ ಮಳೆ ಹಿಡಿದ ಮೇಲೆ ಅವನು ಬಿತ್ತಿದ.

ಹದಿನೈದು ದಿನ ಮುಗಿದಾಗ ನೀಲಕ್ಕ ವರದಿ ಬರೆದಳು. ಹೊಸದು ಒಳ್ಳೆಯದು, ಬದಲಿಸಬೇಕು. ಹಳೆಯದರಿಂದ ಬಂದವರು ನಕಲು ಮಾಡುವಾಗ ತಪ್ಪುತ್ತಾರೆ, ನಾನು ತಪ್ಪಿದ್ದೇನೆ, ಒಬ್ಬ ರೈತನ ಹದ ಹೋಗಿದೆ. ಶಂಭುಲಿಂಗಪ್ಪನವರು ಕಡೆಯ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ತೆಗೆಯೆಂದರು. ಮ್ಯಾನೇಜಿಂಗ್ ಕಮಿಟಿಯವರು ಓದಿದರೆ ಯಂತ್ರದ ಮುಂದೆ ಬೇರೆಯವರನ್ನು ಕೂಡಿಸುತ್ತಾರೆಂದರು. ಅವಳು ತೆಗೆಯಲಿಲ್ಲ. ಅದಿಲ್ಲದಿದ್ದರೆ ಆ ವರದಿಯಲ್ಲಿ ಮುಂದಿನವರಿಗೆ ದಕ್ಕುವಂಥದ್ದು ಏನೂ ಇರುವುದಿಲ್ಲವೆಂದಳು.

ದೀಪಾವಳಿ ಕಳೆದು ಇಮಾಮುದ್ದೀನ ಬಂದ. ಮೆತ್ತಗಿನ ಮನುಷ್ಯ. ಅವಳ ಕುರ್ಚಿಯಲ್ಲಿ ಕೂಡುವ ಮೊದಲು, ಕೂಡಲೇನ್ರಿ ಅಂತ ಕೇಳಿದ. ಅಷ್ಟಕ್ಕೇ ನೀಲಕ್ಕನ ಕಣ್ಣು ತುಂಬಿ ಬಂದವು. ಅವಳು ಬಾಜೂ ಕೋಣೆಗೆ ಹೋದಳು. ಸಣ್ಣವ್ವ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.

ಅರಿವೆ ತಣ್ಣಗಿತ್ತು. ಕಡಲೆ ಕಾಳಿನಿಂದ ಬಿಳಿ ಮೊಳಕೆಗಳು ಡೊಂಕಾಗಿ ತಲೆ ಎತ್ತಿದ್ದವು. ನೀಲಕ್ಕ ಒಂದೊಂದೇ ಎತ್ತಿ ನೋಡಿದಳು. ಬದುಕಿದ್ದು ಈ ಕಡೆ, ಸತ್ತದ್ದು ಆ ಕಡೆ. ಬೆನ್ನು ನೋಯುವವರೆಗೆ ಎಣಿಸಿ, ಮೊದಲು ಒಂದು ಚೀಟಿಯಲ್ಲಿ ಬರೆದಳು. ಆಮೇಲೆ ಕಿಟಕಿಯ ಹತ್ತಿರ ನಿಂತು ಹೇಳಿದಳು:

"ಮುನ್ನೂರಾ ಅರವತ್ತೆರಡು."

ಆಚೆಯಿಂದ ಕೀಲಿಗಳ ಸಪ್ಪಳ ಬಂತು. ಅವನು ಆ ಸಂಖ್ಯೆಯನ್ನು ತಿರುಗಿ ಹೇಳುವವರೆಗೆ ಅವಳು ಅಲ್ಲೇ ನಿಂತಿದ್ದಳು.