ಮುರಿದ ಸೀಲು

"ಫೋಟೊ ತೆಗೆದಾಯ್ತಾ ಮಗಳೇ? ಹಂಗಾದ್ರೆ ಕೈ ತೊಳ್ಕೊ ಬಾ," ಎಂದರು ಮಕೋಖಾ ಅಜ್ಜ, ಚೊಂಬಿನಿಂದ ನೀರು ಹೊಯ್ಯುತ್ತಾ. "ನನ್ ಕೆಲ್ಸ ಚೆನ್ನಾಗ್ ಕಾಣೋ ಹಂಗೆ ತೆಗೆದ್ಯಾ? ನಿಮ್ ಎಂಜಿನಿಯರುಗಳೂ ಕಲೀಲಿ!"

ಸೋಲಾರ್ ಕಂಪನಿಯಿಂದ ತಪಾಸಣೆಗೆ ಬಂದಿದ್ದ ನಾಲಿಯಾಕಾ ತಲೆ ತಗ್ಗಿಸಿಯೇ ಕೈ ತೊಳೆದಳು. ಗೋಡೆಯ ಮೇಲಿನ ಬ್ಯಾಟರಿ ಪೆಟ್ಟಿಗೆಗೆ ಯಾರೂ ಬಿಚ್ಚದಿರಲೆಂದು ಕಂಪನಿ ಹಾಕಿದ್ದ ಸೀಲು ಮುರಿದಿತ್ತು. ಕಂತೆಲ್ಲ ಕಟ್ಟಿ ವರ್ಷವಾಗಿತ್ತು, ಪೆಟ್ಟಿಗೆ ಅಜ್ಜನದೇ. ಆದರೂ ಅದಕ್ಕೆ ಕಂಪನಿಯ ರೇಡಿಯೊ ಬಿಟ್ಟು ಬೇರೆಯದು ಹೊಂದದು. ಆ ರೇಡಿಯೊ ಕೆಟ್ಟ ಮೇಲೆ ಅಜ್ಜ ಮುಚ್ಚಳ ಬಿಚ್ಚಿ, ತಂತಿ ಕತ್ತರಿಸಿ, ತಮ್ಮ ಹಳೆಯ ರೇಡಿಯೊ ಜೋಡಿಸಿದ್ದರು. ಕಣ್ಣು ಕಾಣದೆ ಒಳಕೋಣೆಯಲ್ಲಿ ಮಲಗಿರುವ ಹೆಂಡತಿ ಖಾಯೆಸಿಗೆ ಊರುಕೇರಿ ಎಂದರೆ ಅದೊಂದೇ.

ಒಂದು ಮುರಿದ ಸೀಲು ಮುಚ್ಚಿಟ್ಟರೂ ಕೆಲಸ ಹೋಗುತ್ತದೆಂದು ಬೆಳಿಗ್ಗೆಯಷ್ಟೇ ಮೇಲಧಿಕಾರಿ ಗದರಿದ್ದ. ನಾಲಿಯಾಕಾ ಫೋಟೊ ಕಳಿಸಿಬಿಟ್ಟಿದ್ದಳು. ಸೀಲು ಮುರಿದರೆ ಕಂಪನಿಯವರು ಬುಂಗೋಮಾ ಪಟ್ಟಣದ ಆಫೀಸಿನಿಂದಲೇ ಪೆಟ್ಟಿಗೆ ಬಂದ್ ಮಾಡುತ್ತಾರೆ, ಅದಕ್ಕೆ ವಾರವಾದರೂ ಹಿಡಿಯುತ್ತದೆ, ಅಷ್ಟರಲ್ಲಿ ತಾನಿಲ್ಲಿ ಇರುವುದಿಲ್ಲವಲ್ಲ ಎಂಬುದು ಅವಳ ಹೇಡಿ ಲೆಕ್ಕಾಚಾರ.

ಅಜ್ಜ ಉಗಾಲಿ ಮುದ್ದೆಯ ಪಕ್ಕದಲ್ಲಿ ಕೋಳಿಸಾರು ಬಡಿಸಿದರು. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಗಟ್ಟಿ ತುಂಡು ಮನೆಯ ಯಜಮಾನನಿಗೇ ಮೀಸಲು, ಹೆಂಗಸರ ತಟ್ಟೆಗೆ ಬೀಳುವುದಿಲ್ಲ. ಅಜ್ಜ ಅದನ್ನು ಅವಳ ತಟ್ಟೆಗಿಟ್ಟರು.

"ಅಯ್ಯೋ ಅಜ್ಜಾ, ಇದು ನಿಮ್ದು!"

"ಕಂತು ಮುಗಿದ್ಮೇಲೂ ನಮ್ಮನ್ನ ವಿಚಾರ್ಸೋಕೆ ಬಂದೋಳು ನೀನೊಬ್ಳೇ. ತಿನ್ನು, ಸುಮ್ನೆ. ನನ್ ಹಲ್ಲಿಗೂ ಅದು ಬಗ್ಗಲ್ಲ."

ಅವಳು ಬಾಯಿಗಿಟ್ಟಳು. ಅಷ್ಟರಲ್ಲಿ ರೇಡಿಯೊದಲ್ಲಿ ಬರುತ್ತಿದ್ದ ಹಾಡು ಅರ್ಧಕ್ಕೇ ನಿಂತಿತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿಕೊಂಡಿತು. ವಾರ ಕಾಯದೆ ಆಫೀಸಿನವರು ಆಗಲೇ ಬಂದ್ ಮಾಡಿಬಿಟ್ಟಿದ್ದರು.

"ಏನ್ರೀ, ಯಾಕ್ ನಿಲ್ಸಿದ್ರಿ?" ಒಳಗಿಂದ ಖಾಯೆಸಿ ಕೂಗಿದರು. "ರೇಡಿಯೊದಲ್ಲಿ ಸತ್ತೋರ ಹೆಸ್ರು ಓದೋ ಹೊತ್ತು. ನಮ್ಮಕ್ಕನ್ನ ಯಾವತ್ತು ಮಣ್ಣು ಮಾಡ್ತಾರೋ ಕೇಳ್ಬೇಕು!"

ಈಗಲೇ ಹೇಳಿಬಿಡಬೇಕು ಎಂದುಕೊಂಡಳು ನಾಲಿಯಾಕಾ. "ನೆಟ್‌ವರ್ಕ್ ತೊಂದ್ರೆ ಇರ್ಬೇಕು," ಎಂದಳು. ತನ್ನ ದನಿ ಕೇಳಿ ಅವಳಿಗೇ ಹೇಸಿಗೆಯಾಯಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಗಾಬರಿ ಬೇಡ ಕಣೇ, ಕಂಪನಿ ಹುಡ್ಗಿ ಇಲ್ಲೇ ಅವ್ಳೆ," ಎಂದು ಅಜ್ಜ ಹೆಂಡತಿಗೆ ಹೇಳಿ, ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿ ಅವಳ ಮುಂದಿಟ್ಟರು. ಪಕ್ಕದಲ್ಲಿ ಸ್ಕ್ರೂಡ್ರೈವರನ್ನೂ ಇಟ್ಟರು. "ನೀನೇ ಬಿಚ್ಚು ಮಗಳೇ. ನಾನು ಮುಟ್ಟಿದ್ರೆ ನಿಂಗೆ ಕೆಟ್ಟ ಹೆಸ್ರು ಬಂದೀತು. ಅವಸರ ಇಲ್ಲ, ಉಂಡೇ ನೋಡು."

ಅವಳ ಕೈ ತಟ್ಟೆಯಿಂದ ಮೇಲೇಳಲಿಲ್ಲ.

"ಆ ಮಗೂಗೆ ಇನ್ನೊಂದ್ ತುಂಡು ಹಾಕ್ರೀ," ಎಂದರು ಖಾಯೆಸಿ, ಒಳಗಿನಿಂದ.

ಅಜ್ಜ ಸೌಟು ಎತ್ತಿಕೊಂಡರು.