ಮೂವತ್ತನೇ ಮೀಟರಿನ ತಪ್ಪುಕಾಣಿಕೆ

ಬೆಳ್ತಂಗಡಿಯ ಗುಡ್ಡದ ಮೇಲೆ ಹೊಸದಾಗಿ ಎದ್ದ ರೇಡಿಯೋ ಟೆಲಿಫೋನ್ ಕೇಂದ್ರ ಉದ್ಘಾಟನೆಯಾದ ವಾರದಲ್ಲೇ ಬಾಯಿ ಮುಚ್ಚಿತು. ಇಂಜಿನಿಯರ್ ರಮಾನಾಥ ಬೆಂಗಳೂರಿನಿಂದ ಎರವಲು ತಂದ ನೆಟ್‌ವರ್ಕ್ ಅನಲೈಸರನ್ನು ಆಂಟೆನಾ ಕಂಬಕ್ಕೆ ಹೋಗುವ ಕೇಬಲಿಗೆ ಜೋಡಿಸಿದ. ಎಂಬತ್ತೇಳನೇ ಇಸವಿಯಲ್ಲಿ ಅಲ್ಲಿನವರ್‍ಯಾರೂ ಅಂಥ ಯಂತ್ರ ಕಂಡವರಲ್ಲ. ಬೇರೆ ಬೇರೆ ಆವರ್ತನದ ಅಲೆಗಳನ್ನು ಒಂದೊಂದಾಗಿ ಕಳಿಸಿ, ತಿರುಗಿ ಬಂದದ್ದನ್ನೆಲ್ಲ ಕಾಲದ ಲೆಕ್ಕಕ್ಕೆ ಹೊರಳಿಸಿ, ಕೇಬಲ್ ಎಷ್ಟು ದೂರದಲ್ಲಿ ಕೆಟ್ಟಿದೆಯೆಂದು ಅದು ಪರದೆಯ ಮೇಲೆ ತೋರಿಸುತ್ತಿತ್ತು. ಬಾವಿಗೆ ಕಲ್ಲು ಹಾಕಿ, ಸದ್ದು ಕೇಳಿ ಆಳ ಹೇಳುವ ಹಾಗೆ.

ಪರದೆಯಲ್ಲಿ ಒಂದೇ ಕೋಡು ಎದ್ದಿತು, ಮೂವತ್ತು ಮೀಟರಿನಲ್ಲಿ. ಕೇಬಲಿನ ಉದ್ದವೂ ಮೂವತ್ತೇ. ಅಂದರೆ ಕಂಬದ ತುದಿಯ ಬೆಸುಗೆ. ಅದನ್ನು ಹಾಕಿದವನು ನರಿಕೊಂಬಿನ ಧರ್ಣಪ್ಪ.

"ನಾನು ಸರಿಯಾಗಿಯೇ ಹಾಕಿದ್ದೇನೆ ಸರ್."

"ಹಾಗಾದ್ರೆ ಮೆಷಿನ್ ಸುಳ್ಳು ಹೇಳ್ತದಾ ಮಾರಾಯ?" ಎಂದು ರಮಾನಾಥ ಎಲ್ಲರೆದುರು ನಕ್ಕ. ಮರುದಿನವೇ ಧರ್ಣಪ್ಪನನ್ನು ಕೆಲಸದಿಂದ ತೆಗೆದರು. ಇನ್ನೇನು ಖಾಯಂ ಆಗಬೇಕಿದ್ದವನು.

ಬೇರೆಯವರು ತುದಿಯನ್ನು ಹೊಸದಾಗಿ ಬೆಸೆದರು. ಕೇಂದ್ರ ತುಟಿ ಬಿಚ್ಚಲಿಲ್ಲ. ರಮಾನಾಥನಿಗೆ ಯಂತ್ರದ ಲೆಕ್ಕದ ಮೇಲೇ ಅನುಮಾನ ಬಂತು. ಮೂಡಬಿದ್ರೆಯ ಆಫೀಸಿನಲ್ಲಿ ಹತ್ತು ಮೀಟರಿನ ಕೇಬಲ್ ತುಂಡೊಂದನ್ನು ಅಳೆದು ನೋಡಿದ. ಯಂತ್ರ ಹದಿನೈದು ಎಂದಿತು.

ಕೇಬಲಿನೊಳಗೆ ಅಲೆ ಗಾಳಿಯಲ್ಲಿ ಓಡಿದಷ್ಟು ಜೋರಾಗಿ ಓಡುವುದಿಲ್ಲ, ಮೂರರಲ್ಲಿ ಎರಡು ಪಾಲು ವೇಗ ಅಷ್ಟೆ. ಅದನ್ನು ಯಂತ್ರಕ್ಕೆ ಹೇಳಲು ಮರೆತು ಗಾಳಿಯಲ್ಲಿನ ವೇಗದಲ್ಲೇ ದೂರ ಅಳೆದಿದ್ದ. ಮೂವತ್ತಲ್ಲ, ಇಪ್ಪತ್ತು! ಇಪ್ಪತ್ತನೇ ಮೀಟರಿನಲ್ಲಿ ಏನಿದೆಯೆಂದು ಹೋಗಿ ನೋಡಬೇಕಾಗಿಯೇ ಇರಲಿಲ್ಲ. ಅದು ಕಂಬದ ಬುಡ. ಉದ್ಘಾಟನೆಯ ಬೆಳಿಗ್ಗೆ, ಬಂದವರ ಕಣ್ಣಿಗೆ ಚಂದ ಕಾಣಲೆಂದು, ಅಲ್ಲಿ ಕೇಬಲನ್ನು ಮೊಣಕಾಲಿನಿಂದ ಒತ್ತಿ ಬಗ್ಗಿಸಿ ಕಟ್ಟಿದವನು ರಮಾನಾಥನೇ. ಬಗ್ಗಿದಲ್ಲೇ ಅದು ಒಳಗೆ ಮುರಿದಿತ್ತು.

ಸದ್ದಿಲ್ಲದೆ ಹೊಸ ಕೇಬಲ್ ಎಳೆಸಿದ. ಕೇಂದ್ರ ಮಾತಾಡಿತು. ಎಲ್ಲರೂ ಬೆನ್ನು ತಟ್ಟಿದರು. ಯಾರಾದರೂ ಯಂತ್ರವನ್ನು ಹೊಗಳಿದರೂ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವ ಪಾಡು ಅವನದಾಯಿತು. ತಿಂದದ್ದು ಮೈಗೆ ಹತ್ತಲಿಲ್ಲ. ಕಡೆಗೊಂದು ಭಾನುವಾರ ಬಂಟ್ವಾಳದ ಬಸ್ಸು ಹತ್ತಿದ.

ಧರ್ಣಪ್ಪನ ಮನೆಯ ದೀಪದ ಹಲಗೆಯ ಮೇಲೆ ಅರಸಿನ ಬಟ್ಟೆಯ ಪುಟ್ಟ ಗಂಟೊಂದಿತ್ತು. ರಮಾನಾಥನ ಕಣ್ಣು ಅಲ್ಲೇ ನಿಂತದ್ದನ್ನು ಧರ್ಣಪ್ಪ ನೋಡಿದ.

"ತಪ್ಪುಕಾಣಿಕೆ ಸರ್. ನನ್ನಿಂದ ತಪ್ಪಾಗಿದೆ ಅಂತ ದೈವಕ್ಕೆ ಹೇಳಿ ನಾಣ್ಯ ಕಟ್ಟಿಟ್ಟಿದ್ದೇನೆ. ನಿಮ್ಮ ಮೆಷಿನ್ ಹೇಳಿದ ಮೇಲೆ ನನಗೇ ನನ್ನ ಕೈಯ ಮೇಲೆ ನಂಬಿಕೆ ಇಲ್ಲ. ಮತ್ತೆ ಬೆಸುಗೆ ಮುಟ್ಟಲಿಲ್ಲ."

ರಮಾನಾಥನಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ನಾಲಿಗೆ ಹೊರಳಿದ್ದು ಹೀಗೆ: "ಅದು... ಮೆಷಿನ್ ತಪ್ಪು ತೋರಿಸಿದ್ದು ಧರ್ಣಪ್ಪ. ಕೆಟ್ಟದ್ದು ನಿನ್ನ ಬೆಸುಗೆ ಅಲ್ಲ."

ಬೆಲ್ಲ, ನೀರು ತಂದಿಟ್ಟ ಅವನ ಹೆಂಡತಿ ಅಮ್ಮಣ್ಣಿ ಅಲ್ಲೇ ನಿಂತಳು. "ಹಾಗಾದ್ರೆ ಕಾಣಿಕೆ ಯಾರು ಹಾಕುವುದು? ಮೆಷಿನಾ?"

ಅವಳದು ಕೊಂಕಲ್ಲ. ದೈವಕ್ಕೆಂದು ಕಟ್ಟಿದ್ದನ್ನು ಸುಮ್ಮನೆ ಬಿಚ್ಚುವಂತಿಲ್ಲ, ಅದು ಯಾರದೆಂದು ಅವಳಿಗೆ ನಿಜವಾಗಿ ತಿಳಿಯಬೇಕಿತ್ತು.

ಆಗ ರಮಾನಾಥ ಎಲ್ಲ ಹೇಳಿದ. ಮರೆತ ವೇಗ, ಮೊಣಕಾಲು, ಎಳೆಸಿದ ಹೊಸ ಕೇಬಲ್. "ತಪ್ಪು ನನ್ನದು. ನಾಳೆ ಆಫೀಸಿನಲ್ಲಿಯೂ ಇದನ್ನೇ ಹೇಳ್ತೇನೆ."

ಧರ್ಣಪ್ಪ ತನ್ನ ಅಂಗೈಗಳನ್ನೇ ತುಸು ಹೊತ್ತು ನೋಡಿಕೊಂಡ. ಮತ್ತೆ ಎದ್ದು ಹಲಗೆಯಿಂದ ಗಂಟು ತೆಗೆದು ರಮಾನಾಥನ ಕೈಗೆ ಹಾಕಿದ.

"ಆಫೀಸು ನಾಳೆ ಸರ್. ಈಗ ದೈವದ ಹತ್ತಿರ ಹೋಗುವ. ಅಲ್ಲಿ ನಾನು ನನ್ನ ಹೆಸರು ಹೇಳಿ ಬಂದಿದ್ದೇನೆ. ನೀವು ನಿಮ್ಮದು ಹೇಳಿ."