ಹತ್ತನೆಯವಳು

ನಾಲ್ಕು ದಿನಗಳಿಂದ ಮಗಳು ನನ್ನ ಬೆನ್ನು ಬಿಟ್ಟಿರಲಿಲ್ಲ. ಹದಿಮೂರು ತುಂಬಿದ ಹುಡುಗಿ. ಹೋದ ತಿಂಗಳವರೆಗೂ ತನ್ನ ಕೋಣೆಗೆ ನಾನು ಕಾಲಿಟ್ಟರೆ ಹುಬ್ಬು ಗಂಟಿಕ್ಕುತ್ತಿದ್ದವಳು, ಈಗ ಒಲೆಯ ಮುಂದೆ ನಿಂತರೆ ಅಡುಗೆಮನೆಯ ಹೊಸ್ತಿಲಲ್ಲಿ, ಬಟ್ಟೆ ಒಣಹಾಕಲು ಹೋದರೆ ಮಹಡಿಯ ಮೆಟ್ಟಿಲ ಮೇಲೆ. ಬಚ್ಚಲಿಗೆ ಹೋದರೆ ಹೊರಗಿನಿಂದ, "ಅಮ್ಮಾ, ಇದ್ದೀಯಾ?"

"ಇಲ್ಲ, ಮೋರೀಲಿ ಹರಿದು ಹೋದೆ" ಎಂದೆ ಒಮ್ಮೆ. ಆಚೆಯಿಂದ ಅಳು ಕೇಳಿಸಿತು. ಸೋಪಿನ ಕೈಯಲ್ಲೇ ಬಾಗಿಲು ತೆಗೆದು ಅವಳನ್ನು ತಬ್ಬಿಕೊಳ್ಳಬೇಕಾಯಿತು.

ಶಾಲೆಗೆ ಹೋಗದಿರಲು ಹೇಳಿದ ಕಾರಣ ಹೊಟ್ಟೆನೋವು. ನಮ್ಮತ್ತೆ ಅದನ್ನು ಒಪ್ಪಲಿಲ್ಲ. "ಹೊಟ್ಟೆ ನೋಯೋರು ಮಲಗ್ತಾರೆ, ಅಮ್ಮನ ಸೆರಗು ಹಿಡ್ಕೊಂಡು ಮನೆಯೆಲ್ಲ ಸುತ್ತಲ್ಲ. ಯಾರೋ ತಲೆಗೆ ಹುಳ ಬಿಟ್ಟಿದ್ದಾರೆ ಕಣೆ, ವಿಚಾರಿಸು."

ನಾನು ವಿಚಾರಿಸಲಿಲ್ಲ. ನೇರವಾಗಿ ಕೇಳಿದರೆ ಮಕ್ಕಳ ಬಾಯಿಗೆ ಬೀಗ ಬೀಳುತ್ತದೆ. ಕೈಗೆ ಕೆಲಸ ಕೊಟ್ಟರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗುರುವಾರ ನನ್ನ ಕೆಲಸಕ್ಕೆ ರಜೆ. ಮಧ್ಯಾಹ್ನ ಒಗೆದ ಹೊದಿಕೆಗಳ ರಾಶಿ ತಂದು, "ಒಂದು ತುದಿ ಹಿಡಿ ಮರಿ" ಎಂದೆ. ಹೊದಿಕೆ ಮಡಿಸಲು ಇಬ್ಬರು ಬೇಕು. ದೂರ ನಿಂತು ಎಳೆಯಬೇಕು, ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು. ಮೂರನೇ ಹೊದಿಕೆಗೆ ಅವಳು ಶುರುಮಾಡಿದಳು.

"ಗಡಿಯಾರದ ಮನೆ ಅಂತ ಒಂದು ಹಳೇ ಗೇಮ್ ಇದೆ ಅಮ್ಮ. ಗುಂಡಿ ಒತ್ತೋ ಫೋನಿನ ಕಾಲದ್ದು."

ನನ್ನ ಕೈ ನಿಂತಿತು. "ಹ್ಞೂಂ."

"ಅದ್ರಲ್ಲಿ ಮೂರನೇ ಮಹಡೀಲಿ ಒಂದು ನೀಲಿ ಬಾಗಿಲು. ಅದು ತೆಗೆಯೋದೇ ಇಲ್ಲ. ಮೂರು ಸಲ ಬಡಿದರೆ..." ತುದಿ ಹಿಡಿದು ಹತ್ತಿರ ಬಂದವಳು ದೂರ ಸರಿಯಲಿಲ್ಲ. "ಬಡಿದವರ ಅಮ್ಮ ಹತ್ತು ದಿನದೊಳಗೆ ಇಲ್ಲದಂಗೆ ಆಗ್ತಾಳೆ. ಶನಿವಾರ ಎರಡು ಜಡೆ ಮನೇಲಿ ಎಲ್ಲರೂ 'ಧೈರ್ಯ ಇದ್ರೆ ಬಡಿ, ಧೈರ್ಯ ಇದ್ರೆ ಬಡಿ' ಅಂದ್ರು. ನಾನು ಬಡಿದುಬಿಟ್ಟೆ."

ಎರಡು ಜಡೆ ಎಂದರೆ ಅವಳ ಗೆಳತಿ. ಇವತ್ತಿಗೆ ಐದನೇ ದಿನ.

"ಯಾರು ಹೇಳಿದ್ದು ಇದನ್ನೆಲ್ಲ?"

"ಕತ್ತಲಣ್ಣ. ಐದು ಲಕ್ಷ ಜನ ನೋಡ್ತಾರೆ." ಐದು ಲಕ್ಷ ಜನ ಸುಳ್ಳು ಕೇಳುತ್ತಾರೆಯೇ ಎನ್ನುವಂತಿತ್ತು ಆ ದನಿ.

ಅವಳು ಫೋನಿನಲ್ಲಿ ತೋರಿಸಿದಳು. ಕಪ್ಪು ಅಂಗಿಯ ಯುವಕನೊಬ್ಬ ಕೆಂಪು ದೀಪದ ಮುಂದೆ ಕುಳಿತು ಪಿಸುಗುಟ್ಟುತ್ತಿದ್ದ. "ನೋಡಿ ಗೆಳೆಯರೇ, ಈ ಬಾಗಿಲಿನ ಚಿಲಕ ಕೀಲಿನ ಪಕ್ಕದಲ್ಲೇ ಇದೆ. ಬದುಕಿರೋರ ಬಾಗಿಲು ಹೀಗಿರುತ್ತಾ?" ಆಮೇಲೆ ಒಂದು ಫೋಟೋ. ಗೇಮ್ ಮಾಡಿದ ಆಫೀಸಿನದು. "ಎಣಿಸಿ. ಹತ್ತು ಜನ. ಆದ್ರೆ ಗೇಮಿನ ಕೊನೇಲಿ ಬರೋ ಹೆಸರು ಒಂಬತ್ತೇ! ಈ ಮೂಲೇಲಿ, ಮುಖ ಇಲ್ಲದ ಹೆಂಗಸು. ಬಾಗಿಲು ಬರೆದವಳು ಇವಳೇ. ಬರೆದ ವಾರಕ್ಕೇ ಸತ್ತಳು. ಅವಳನ್ನ ನಾವು ಹತ್ತನೆಯವಳು ಅಂತೀವಿ." ಆ ಹೆಂಗಸಿನ ಸುತ್ತ ಕೆಂಪು ವೃತ್ತವೊಂದು ಬಂದು ಕೂತಿತು.

ವೃತ್ತದೊಳಗೆ ನಾನಿದ್ದೆ. ನನ್ನ ಹಳದಿ ಅಂಗಿ, ನನ್ನ ಉದ್ದ ಜಡೆ. ಕ್ಯಾಮೆರಾ ಮಿಂಚಿದ ಕ್ಷಣದಲ್ಲಿ ನಮ್ಮ ಆಫೀಸಿನ ಸರ್ ಹಾಕಿಕೊಂಡಿದ್ದ ಸೆಂಟಿನ ವಾಸನೆಗೆ ಹೊಟ್ಟೆ ತೊಳಸಿ ನಾನು ಮುಖ ತಿರುಗಿಸಿದ್ದೆ. ಆಗ ನನಗೆ ಮೂರು ತಿಂಗಳು.

ನಗು ತಡೆಯಲಾಗಲಿಲ್ಲ. "ಅಯ್ಯೋ ಹುಚ್ಚಿ, ಇದು ನಾನು ಕಣೇ!"

ಅವಳ ಮುಖ ಹೂವಿನಂತೆ ಅರಳುತ್ತದೆ ಎಂದುಕೊಂಡಿದ್ದೆ. ಬಿಳಿಚಿಕೊಂಡಿತು. ಮೊದಲು, "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ" ಎಂದಳು. ಹಳೆಯ ಡಬ್ಬಿಯಿಂದ ಅದೇ ಫೋಟೋ ತೆಗೆದು ತೋರಿಸಿದೆ. ಅವಳು ಒಂದು ನಿಮಿಷ ನೋಡಿ, ಕಿರುಚಿಯೇ ಬಿಟ್ಟಳು. "ಹಾಗಾದ್ರೆ ನಾನು ಬಡಿದಿದ್ದು ನಿನ್ನ ಬಾಗಿಲನ್ನೇ! ಹೋಗೋದು ನೀನೇ!"

ಭಯಕ್ಕೆ ಬುದ್ಧಿ ಹೇಳಿದರೆ ಹೀಗೇ. ಕೊಟ್ಟ ಮದ್ದನ್ನೇ ಅದು ವಿಷ ಮಾಡಿಕೊಳ್ಳುತ್ತದೆ.

ಗಣಿತದ ಚೌಕಳಿ ಪುಸ್ತಕ ತರಿಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಈಗ ನಾನು ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆ ನೆಲದ ವಿನ್ಯಾಸ ಹಾಕಿಕೊಡುತ್ತೇನೆ. ಆಗ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದೇ, ಚೌಕ ಚೌಕ ಬಣ್ಣ ತುಂಬುವುದು. ಬಾಗಿಲಿಗೆ ಅಗಲ ಹದಿನಾರು ಚೌಕ, ಎತ್ತರ ಮೂವತ್ತೆರಡು. ಚೌಕಟ್ಟು ಮತ್ತು ಕೀಲು ಒಂದು ಚಿತ್ರ, ಹಲಗೆ ಮತ್ತು ಚಿಲಕ ಇನ್ನೊಂದು. ಆ ಫೋನುಗಳಲ್ಲಿ ಜಾಗ ಎಂದರೆ ಸಾಸಿವೆಯಷ್ಟು. ಹೊಸ ಬಾಗಿಲು ಬೇಕಾದಾಗಲೆಲ್ಲ ಹೊಸದಾಗಿ ಬರೆಯುವಂತಿರಲಿಲ್ಲ. ಇದ್ದ ಹಲಗೆಯನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ನೀಲಿ ಬಳಿದು, ಹಳೆಯ ಚೌಕಟ್ಟಿಗೆ ಕೂರಿಸಿದೆವು. ಹಲಗೆಯೊಂದಿಗೆ ಚಿಲಕವೂ ತಿರುಗಿ ಕೀಲಿನ ಪಕ್ಕಕ್ಕೆ ಹೋಗಿ ಕೂತಿತು.

"ಅರ್ಧ ದಿನ ಕೊಡಿ ಸರ್, ಸರಿಮಾಡ್ತೀನಿ ಅಂದೆ. 'ಯಾರಮ್ಮ ಚಿಲಕ ನೋಡ್ತಾರೆ' ಅಂದ್ರು."

"ಐದು ಲಕ್ಷ ಜನ" ಎಂದಳು ಮಗಳು, ಮೂಗು ಒರೆಸಿಕೊಳ್ಳುತ್ತ. ಅಷ್ಟರಲ್ಲಿ ನಗುವಿನ ಒಂದು ಎಳೆ ಬಂದು ಹೋಯಿತು. "ಮತ್ತೆ ಯಾಕೆ ತೆಗೆಯಲ್ಲ?"

"ಅದರ ಹಿಂದಿನ ಕೋಣೆ ನಾನು ಬರೀಬೇಕಿತ್ತು. ಬರೆಯೋ ಹೊತ್ತಿಗೆ ನಾನು ಅಲ್ಲಿ ಇರಲಿಲ್ಲ."

"ಕೆಲಸ ಬಿಟ್ಟೆ ಅಂತ ಹೇಳ್ತಿದ್ದೆಯಲ್ಲ."

ಹದಿಮೂರು ವರ್ಷ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೆ. ನಿಜ ಹೇಳಲು ಅವಮಾನ, ಅದಕ್ಕೆ. ಅವತ್ತು ಕಡ್ಡಿ ಮುರಿದಂತೆ ಹೇಳಿದೆ. "ಬಿಡಲಿಲ್ಲ, ಬಿಡಿಸಿದರು. ನೀನು ಹೊಟ್ಟೇಲಿದ್ದೀಯ ಅಂತ ಗೊತ್ತಾದ ವಾರ, 'ಮನೇಲಿ ಆರಾಮಾಗಿರಮ್ಮ' ಅಂದ್ರು. ನನ್ನ ಕುರ್ಚಿಗೆ ಬೇರೆಯವರು ಬಂದ್ರು. ಕೊನೇಲಿ ಬರೋ ಹೆಸರಿನ ಪಟ್ಟಿಯಿಂದ ನನ್ನ ಹೆಸರು ತೆಗೆದ್ರು."

ಅವಳು ಪೆನ್ಸಿಲ್ ಕೆಳಗಿಟ್ಟಳು. "ನೀನು ಯಾಕೆ ಸುಮ್ನಿದ್ದೆ?"

"ನಿನ್ನನ್ನ ಹೊತ್ಕೊಂಡಿದ್ದೆನಲ್ಲ ಮರಿ. ಜಗಳಕ್ಕೆ ಕೈ ಖಾಲಿ ಇರಲಿಲ್ಲ."

"ಈಗ ಖಾಲಿ ಇದೆಯಲ್ಲ."

ಅಡುಗೆಮನೆಯಿಂದ ಅತ್ತೆ ಕೂಗಿದರು. "ಹುಡುಗಿ ಸರಿಯಾಗೇ ಕೇಳಿದೆ ನೋಡು!"

ಮರುದಿನ ಕತ್ತಲಣ್ಣನಿಗೆ ಬರೆದೆ. ನೀವು ಸಾಯಿಸಿದ ಹೆಂಗಸು ನಾನೇ, ಮಾತಾಡಬೇಕು ಎಂದು. ಭಾನುವಾರ ಮಧ್ಯಾಹ್ನ, ಎಲ್ಲರೂ ನೋಡುವ ನೇರಪ್ರಸಾರಕ್ಕೆ ಸ್ವಲ್ಪ ಮುಂಚೆ, ಅವನು ಫೋನಿನಲ್ಲಿ ಕಾಣಿಸಿಕೊಂಡ. ಹಗಲಿನಲ್ಲೂ ಪರದೆ ಎಳೆದು ಕೆಂಪು ದೀಪ ಹಚ್ಚಿದ್ದ. ಹಿಂದಿನಿಂದ ಯಾರೋ, "ಊಟ ಆರಿಹೋಗ್ತಿದೆ, ಬಾರೋ" ಎಂದು ಕರೆಯುತ್ತಿದ್ದರು. "ಬಂದೆ ಇರಮ್ಮ!" ಎಂದು ಕೂಗಿ, ಮತ್ತೆ ದನಿ ತಗ್ಗಿಸಿದ.

"ಆಂಟಿ, ಒಂದು ಸಣ್ಣ ವಿಷಯ. ನೀವೇ ಬರೆದದ್ದು ಅನ್ನಿ, ಪರವಾಗಿಲ್ಲ. ಆದ್ರೆ ಚಿಲಕ ಹೇಗೆ ಬಂತೋ ನೆನಪಿಲ್ಲ ಅಂದ್ಬಿಡಿ. ಬರೆದದ್ದು ನನ್ನ ಕೈಯೇ ಅಲ್ಲ ಅನ್ಸುತ್ತೆ, ಅಂತ ಏನಾದ್ರೂ..."

"ಅಡ್ಡಗೋಡೆ ಮೇಲೆ ದೀಪ ಇಡು ಅಂತೀಯ."

"ಸ್ವಲ್ಪ ಗುಟ್ಟು ಇದ್ರೆ ಚೆನ್ನಾಗಿರುತ್ತೆ ಆಂಟಿ. ಜನಕ್ಕೆ ಹೆದರಿಕೆ ಅಂದ್ರೆ ಇಷ್ಟ."

"ನನ್ನ ಮಗಳು ಎಂಟು ದಿನದಿಂದ ನನ್ನ ಉಸಿರು ಎಣಿಸ್ತಿದ್ದಾಳಪ್ಪ. ಅವಳಿಗೆ ಇಷ್ಟ ಆಗ್ತಿಲ್ಲ. ನೆನಪಿರೋದನ್ನ ನೆನಪಿದೆ ಅಂತಾನೇ ಹೇಳ್ತೀನಿ. ಬೇಡ ಅಂದ್ರೆ ಈಗಲೇ ಹೇಳು, ನನಗೆ ಪಾತ್ರೆ ಇದೆ ತೊಳೆಯೋಕೆ."

ಅವನು ತಲೆ ಕೆರೆದುಕೊಂಡು ಒಪ್ಪಿದ.

ಪ್ರಸಾರ ಶುರುವಾಯಿತು. ನಾನು ಚೌಕಳಿ ಹಾಳೆಯ ಮೇಲೆ ಬಾಗಿಲು ಬರೆದು, ಹಲಗೆ ಕತ್ತರಿಸಿ, ಮಗುಚಿ ಅಂಟಿಸಿ ತೋರಿಸಿದೆ. ಪಕ್ಕದಲ್ಲಿ ಜನರ ಮಾತು ಸಾಲುಸಾಲಾಗಿ ಏರುತ್ತಿತ್ತು. ದೆವ್ವದ ಆಂಟಿ ಬಂದ್ರು. ಆಂಟಿಗೆ ನೆರಳೇ ಇಲ್ಲ ನೋಡ್ರೋ. ಬಾಡಿಗೆ ನಟಿ. ಮಗಳು ಅವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅತ್ತೆಗೆ ತಡೆಯಲಾಗಲಿಲ್ಲ. ಕನ್ನಡಕ ಏರಿಸಿಕೊಂಡು ಬಂದು ಪರದೆಯ ತುಂಬ ತಮ್ಮ ಮುಖವನ್ನೇ ಇಟ್ಟರು.

"ಸತ್ತೋಳಂತೆ ಸತ್ತೋಳು! ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಜೊತೆ ಜಗಳ ಆಡ್ತಿರೋದು ಯಾರು ಹಾಗಾದ್ರೆ, ನಿಮ್ಮಜ್ಜಿನಾ?"

ಕತ್ತಲಣ್ಣನಿಗೇ ನಗು ಬಂದುಬಿಟ್ಟಿತು. ಸಾವರಿಸಿಕೊಂಡು ಕೇಳಿದ. "ಸರಿ ಆಂಟಿ, ಆದ್ರೆ ನಿಮ್ಮ ಹೆಸರು ಯಾಕಿಲ್ಲ? ತಪ್ಪಿ ಬಿಟ್ಟುಹೋಗಿರಬಹುದು, ಅಲ್ವಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರ ಮನಸ್ಸೂ ನೋಯುತ್ತಿರಲಿಲ್ಲ. ಮಗಳು ಓದುವುದನ್ನು ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ತಪ್ಪಿ ಬಿಟ್ಟುಹೋಗಲಿಲ್ಲ. ತೆಗೆದರು. ನಾನು ಬಸುರಿ ಅಂತ ಮನೆಗೆ ಕಳಿಸಿದರು. ನಾನು ಬರೆದ ಗೋಡೆ, ಮೆಟ್ಟಿಲು, ಬಾಗಿಲು ಎಲ್ಲ ಇಟ್ಟುಕೊಂಡು ಹೆಸರು ಮಾತ್ರ ಅಳಿಸಿದರು. ನೀವೆಲ್ಲ ದೆವ್ವಕ್ಕೆ ಹೆದರ್ತೀರಿ. ಅವರು ನನ್ನ ಹೊಟ್ಟೆಗೆ ಹೆದರಿದರು. ಆ ಫೋಟೋ ನೋಡಿ, ಹತ್ತನೆಯವಳು ಎಲ್ಲಿ ಹೋದಳು ಅಂತ ಕೇಳಿದಿರಲ್ಲ, ಒಳ್ಳೇ ಪ್ರಶ್ನೆ. ಉತ್ತರ ಮಾತ್ರ ಹುಡುಕಲಿಲ್ಲ, ಸಾಯಿಸಿಬಿಟ್ಟಿರಿ. ನಾನು ಸತ್ತಿಲ್ಲ. ಸಾಯೋ ಯೋಚನೇನೂ ಸದ್ಯಕ್ಕಿಲ್ಲ."

ಕತ್ತಲಣ್ಣ ಕೈ ಚಾಚಿ ಕಿಟಕಿಯ ಪರದೆ ಸರಿಸಿದ. ಅವನ ಕೋಣೆಯಲ್ಲಿ ಬಿಸಿಲು ಬಿತ್ತು, ಮಡಿಸದ ಬಟ್ಟೆಯ ಗುಡ್ಡೆ ಕಂಡಿತು.

ಇದರಿಂದ ಊರೆಲ್ಲ ನನ್ನನ್ನು ನಂಬಿತು ಎಂದಲ್ಲ. ಸೋಮವಾರವಿಡೀ ಮಗಳು ಮನೆಯಲ್ಲೇ ಕುಳಿತು ಜನ ಬರೆದದ್ದನ್ನು ಓದಿದಳು. ನಂಬಿದವರು ಅರ್ಧ. ಉಳಿದವರು ನಾನು ಹಣಕ್ಕೆ ಬಂದ ನಟಿ ಎಂದರು. ನಿಜವಾದ ಹತ್ತನೆಯವಳ ಆತ್ಮವೇ ನನ್ನ ಬಾಯಲ್ಲಿ ಮಾತಾಡಿದ್ದೆಂದು ಒಬ್ಬ ಎರಡು ಪುಟ ಬರೆದಿದ್ದ. ಸಂಜೆ ಟೈಲ್ಸ್ ಅಂಗಡಿಯಿಂದ ಬಂದಾಗ ಅವಳು ಬಾಗಿಲಲ್ಲಿ ಕಾಯುತ್ತಿರಲಿಲ್ಲ. ಸೋಫಾದ ಮೇಲೆ ಕೆಂಪಗೆ ಕೂತಿದ್ದಳು. "ಎಷ್ಟು ಸೊಕ್ಕು ಅಮ್ಮ ಇವರಿಗೆ! ನನ್ನ ಅಮ್ಮ ಬದುಕಿದ್ದಾಳೋ ಇಲ್ವೋ ಅಂತ ಇವರು ಹೇಳ್ತಾರಾ?"

ಮಂಗಳವಾರ ಹತ್ತನೇ ದಿನ. ನಾನು ಕರೆಯುವ ಮೊದಲೇ ಎದ್ದು, ಜಡೆ ಹಾಕಿಸಿಕೊಂಡು, ಶಾಲೆಗೆ ಹೊರಟಳು. ಹೊಟ್ಟೆನೋವಿನ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹನ್ನೊಂದೂವರೆಗೆ ಅಂಗಡಿಗೆ ಫೋನ್ ಬಂತು. ಶಾಲೆಯಿಂದ. ಕೂಡಲೇ ಬರಬೇಕಂತೆ.

ಕೈಗೆ ಅಂಟಿದ ಸಿಮೆಂಟಿನ ಪುಡಿಯನ್ನೂ ಒರೆಸದೆ ಓಡಿದೆ. ಟೀಚರುಗಳ ಕೋಣೆಯಲ್ಲಿ ಮಗಳು ನೆಟ್ಟಗೆ ನಿಂತಿದ್ದಳು. ಅವಳ ಬೆರಳಿನ ಗೆಣ್ಣುಗಳು ಕೆಂಪಾಗಿದ್ದವು. ಕ್ಲಾಸ್ ಟೀಚರ್ ನನಗೆ ಕುರ್ಚಿ ತೋರಿಸಿ ನಡೆದದ್ದು ಹೇಳಿದರು. ಎರಡು ಜಡೆಯ ಗುಂಪು ಕಪ್ಪುಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಆ ಬಾಗಿಲು ಬರೆದು, 'ಇವತ್ತು ಇವಳ ಅಮ್ಮನ ಸರದಿ' ಎಂದು ಬರೆದಿಟ್ಟಿತ್ತು. ನನ್ನ ಮಗಳು ಮೇಜು ಹತ್ತಿ, ಆ ಬಾಗಿಲನ್ನು ಮೂರು ಸಲವಲ್ಲ, ಮೂವತ್ತು ಸಲ ಗುದ್ದಿದ್ದಳು. "ಬರ್ಲಿ, ಯಾರು ಬರ್ತಾರೋ ನೋಡೇಬಿಡೋಣ! ಇದನ್ನ ಬರೆದಿದ್ದು ನಮ್ಮಮ್ಮ!" ಪಕ್ಕದ ತರಗತಿಯವರೆಲ್ಲ ಎದ್ದು ಬಂದಿದ್ದರಂತೆ.

"ಒಂದು ಕ್ಷಮಾಪಣೆ ಪತ್ರ ಬೇಕು" ಎಂದರು ಟೀಚರ್, ಬೈಯುವ ದನಿಯಲ್ಲೇನೂ ಅಲ್ಲ, ದಣಿದ ದನಿಯಲ್ಲಿ. "ನಾನೇ ಬರೆದಿಟ್ಟಿದ್ದೀನಿ. ಅವಳೂ ನೀವೂ ಸಹಿ ಹಾಕಿದರೆ ಸಾಕು."

ಓದಿದೆ. ಮೇಜಿನ ಮೇಲೆ ಹತ್ತಿ ಗಲಾಟೆ ಮಾಡಿದ್ದು ತಪ್ಪು. ಸುಳ್ಳು ಕಥೆ ಹೇಳಿ ಇತರರನ್ನು ಹೆದರಿಸಿದ್ದು ತಪ್ಪು.

"ಸುಳ್ಳು ಕಥೆ ಯಾವುದು ಟೀಚರ್?"

"ಅದೇ, ಅಮ್ಮ ಗೇಮ್ ಬರೆದಿದ್ದಾರೆ ಅಂತ... ಮಕ್ಕಳು ಜಂಬಕ್ಕೆ ಏನೇನೋ ಹೇಳ್ತಾರಲ್ಲ."

ಮಗಳು ನನ್ನನ್ನು ನೋಡಿದಳು. ಇಷ್ಟು ದಿನ ನನ್ನ ಬೆನ್ನ ಹಿಂದೆ ಇದ್ದ ನೋಟವಲ್ಲ ಅದು. ನಾನು ಏನು ಮಾಡುತ್ತೇನೆಂದು ಕಾಯುವ ನೋಟ.

"ಮೇಜು ಹತ್ತಿದ್ದು ತಪ್ಪು. ಅದಕ್ಕೆ ಕ್ಷಮೆ ಕೇಳ್ತಾಳೆ, ಕಪ್ಪುಹಲಗೆಯನ್ನೂ ಒರೆಸ್ತಾಳೆ" ಎಂದೆ. "ಸುಳ್ಳು ಅಂತ ಬರೆಯಲ್ಲ. ಬರೆದಿದ್ದು ನಾನೇ."

ಟೀಚರ್ ನನ್ನ ಸಿಮೆಂಟಿನ ಕೈ ನೋಡಿದರು, ಮುಖ ನೋಡಿದರು. ಪೆನ್ನು ಕೊಟ್ಟರು.

ಎರಡನೇ ಸಾಲನ್ನು ಅಡ್ಡಗೀಟು ಎಳೆದು ಹೊಡೆದುಹಾಕಿದೆ. ಮಗಳು ಮೊದಲನೆಯದರ ಕೆಳಗೆ ಸಹಿ ಮಾಡಿದಳು. ನನಗೆಂದು ಬಿಟ್ಟಿದ್ದ ಜಾಗದಲ್ಲಿ 'ತಾಯಿ' ಎಂದಷ್ಟೇ ಅಚ್ಚಾಗಿತ್ತು. ನಾನು ಸಾಮಾನ್ಯವಾಗಿ ಅಲ್ಲಿ ಎರಡು ಅಕ್ಷರ ಗೀಚಿ ಮುಗಿಸುವವಳು.

"ಪೂರ್ತಿ ಬರಿ ಅಮ್ಮ" ಎಂದಳು ಮಗಳು.

ಪೂರ್ತಿ ಬರೆದೆ. ಹುಟ್ಟಿದಾಗ ಇಟ್ಟ ಹೆಸರು, ಅದರ ಹಿಂದೆ ಅಪ್ಪನದು, ಒಂದಕ್ಷರವನ್ನೂ ನುಂಗದೆ. ಅದು ಗೆರೆಯನ್ನು ದಾಟಿ ಹಾಳೆಯ ಅಂಚಿನವರೆಗೂ ಹೋಯಿತು.